ರಾಮನಗರದ ಮಣಿಸರ

ಸ್ತ್ರೀಯು ತನ್ನ ಶರೀರದಲ್ಲಿ ತಿಂಗಳು ತಿಂಗಳೂ ತೋರಿಬರುವ ಲಕ್ಷಣಗಳನ್ನು ತಾನೇ ಗಮನಿಸಿ, ದಿನಕ್ಕೊಂದು ಗುರುತಿನಂತೆ ಪಟ್ಟಿಯಲ್ಲಿ ಬರೆದಿಟ್ಟು, ಗರ್ಭ ನಿಲ್ಲಬಹುದಾದ ದಿನಗಳು ಯಾವುವು, ನಿಲ್ಲಲಾರದ ದಿನಗಳು ಯಾವುವು ಎಂಬುದನ್ನು ಕಂಡುಕೊಳ್ಳುವ ಪದ್ಧತಿಯೊಂದುಂಟು. ಮಕ್ಕಳ ನಡುವೆ ಅಂತರವಿಡಬೇಕೆನ್ನುವವರಿಗೂ, ಮಗು ಬೇಕೆಂದು ಕಾದಿರುವವರಿಗೂ ಇದು ಒಂದೇ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಸಂಘದ ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಇದು ಎಂದು ಕೆಲವು ವಾಚಕರು ಹುಬ್ಬುಗಂಟಿಕ್ಕಬಹುದು. ವೈದ್ಯರ ಕೊಠಡಿಯಲ್ಲಿ ಹೇಳಬೇಕಾದುದನ್ನು ಇಲ್ಲಿ ಹೇಳುವ ಉದ್ದೇಶ ನಮಗಿಲ್ಲ. ಈ ಪದ್ಧತಿಗೆ ಒಂದು ಇತಿಹಾಸವಿದೆ. ಆ ಇತಿಹಾಸದ ಮುಖ್ಯವಾದ ಎರಡು ಅಧ್ಯಾಯಗಳು ಕನ್ನಡನಾಡಿನಲ್ಲಿಯೇ ನಡೆದಿವೆ. ಅದು ಕನ್ನಡಿಗರಿಗೇ ಅಷ್ಟಾಗಿ ತಿಳಿಯದು. ಬರೆಯುವುದಕ್ಕೆ ಅಷ್ಟು ಕಾರಣ ಸಾಕು.

ಮೈಸೂರಿನ ಚರಿತ್ರೆ ಕೊಯಮತ್ತೂರಿನಲ್ಲಿ ಕುಳಿತವರಿಗೇಕೆ ಎಂದೂ ಕೇಳಬಹುದು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಸತ್ಯಮಂಗಲದ ಕಾಡಿನ ಆಚೆಗೂ ಈಚೆಗೂ ಹೆಣ್ಣು ಕೊಟ್ಟು ತರುವ ವ್ಯವಹಾರ ರಾಜ್ಯಗಳ ಗಡಿಗಿಂತ ಹಳೆಯದು. ಆಡಳಿತದ ಗೆರೆ ಎಲ್ಲಿ ಬಿದ್ದರೂ, ಸೂತಿಕಾಗೃಹದ ಕಷ್ಟಸುಖಗಳು ಎರಡು ಕಡೆಯೂ ಒಂದೇ ಭಾಷೆಯಲ್ಲಿ ನಡೆದುಬಂದಿವೆ.

ಮೊದಲು ಹಿಂದಿನದನ್ನು ಸ್ವಲ್ಪ ನೋಡೋಣ. ಮನುಸ್ಮೃತಿಯು ಸ್ತ್ರೀಯರ ಋತುಕಾಲವನ್ನು 16 ರಾತ್ರಿಗಳೆಂದು ಎಣಿಸಿ, ಮೊದಲಿನ ನಾಲ್ಕನ್ನೂ ಹನ್ನೊಂದನೆಯ ಹದಿಮೂರನೆಯ ರಾತ್ರಿಗಳನ್ನೂ ವರ್ಜ್ಯವೆಂದು ಹೇಳಿ, ಉಳಿದ ಹತ್ತನ್ನು ಪ್ರಶಸ್ತವೆಂದಿತು. ಸಮರಾತ್ರಿಗಳಲ್ಲಿ ಗಂಡು, ವಿಷಮರಾತ್ರಿಗಳಲ್ಲಿ ಹೆಣ್ಣು ಎಂಬ ಅದರ ಮಾತಿಗೆ ಆಧಾರವಿಲ್ಲ. ಆದರೆ ಆ ಹತ್ತು ರಾತ್ರಿಗಳು ಇಂದಿನ ಶರೀರಶಾಸ್ತ್ರವು ಹೇಳುವ ಫಲಕಾಲದೊಡನೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆಂಬುದು ಗಮನಾರ್ಹ. ಇತ್ತ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರಲ್ಲಿ ಅನೇಕರು, ಪಶುಗಳ ಬೆದೆಯನ್ನು ಸ್ತ್ರೀಯರ ಮುಟ್ಟಿಗೆ ಹೋಲಿಸಿಕೊಂಡು, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿಯೇ ಗರ್ಭ ನಿಲ್ಲುವುದು, ತಿಂಗಳ ನಡುವೆ ಭಯವಿಲ್ಲ ಎಂದು ಬೋಧಿಸುತ್ತಿದ್ದರು. ಅವರ ಮಾತನ್ನು ನಂಬಿ ತಿಂಗಳ ನಡುವನ್ನೇ ಆರಿಸಿಕೊಂಡ ದಂಪತಿಗಳ ತೊಟ್ಟಿಲು ತುಂಬುತ್ತಲೇ ಇದ್ದಿರಬೇಕು.

ಈ ತಪ್ಪನ್ನು ತಿದ್ದಿದವರು ಇಬ್ಬರು. ಜಪಾನಿನ ನೀಗಾತಾ ನಗರದ ವೈದ್ಯ ಕ್ಯೂಸಾಕು ಒಗಿನೊ 1924ರಲ್ಲಿ ತನ್ನ ಸಂಶೋಧನೆಯನ್ನು ಪ್ರಕಟಿಸಿದನು. ಆಸ್ಟ್ರಿಯಾದ ಹರ್ಮನ್ ಕ್ನಾಸ್ ಬೇರೊಂದು ದಾರಿಯಿಂದ ಅದೇ ದಶಕದ ಕೊನೆಗೆ ಅಂಥದೇ ನಿರ್ಣಯಕ್ಕೆ ಬಂದನು. ಅವರು ಕಂಡ ತತ್ತ್ವ ಹೀಗಿದೆ. ಅಂಡಕೋಶದಿಂದ ಅಂಡವು ಬಿಡುಗಡೆಯಾಗುವ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬಾರದು, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಮುಂದಿನ ಮುಟ್ಟು ಬರುವುದಕ್ಕೆ 12ರಿಂದ 16 ದಿನಗಳ ಮೊದಲು ಅಂಡಮೋಕ್ಷವಾಗುತ್ತದೆಂದು ಒಗಿನೊ ಹೇಳಿದನು. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇನ್ನೂ ಬಾರದ ದಿನದಿಂದ ಹಿಂದಕ್ಕೆ ಎಣಿಸುವುದು ಹೇಗೆ? ಮುಟ್ಟು ಬಂದ ಮೇಲೆ, ಹದಿನಾಲ್ಕು ದಿನದ ಹಿಂದೆ ಹೀಗಾಗಿತ್ತು ಎಂದು ತಿಳಿದು ಫಲವೇನು? ಇದು ಬಿತ್ತನೆ ಮುಗಿದ ಮೇಲೆ ಮಳೆನಕ್ಷತ್ರವನ್ನು ಹುಡುಕಿದಂತೆ. ಆದ್ದರಿಂದ ಹಿಂದಿನ ಹಲವು ತಿಂಗಳುಗಳ ಲೆಕ್ಕವನ್ನಿಟ್ಟುಕೊಂಡು ಮುಂದಿನದನ್ನು ಊಹಿಸುವ ಒಂದು ಸೂತ್ರವನ್ನು ಮಾಡಿಕೊಂಡರು: ಅತ್ಯಂತ ಚಿಕ್ಕ ಚಕ್ರದ ದಿನಗಳಿಂದ 18ನ್ನು ಕಳೆ, ಅತ್ಯಂತ ದೊಡ್ಡ ಚಕ್ರದ ದಿನಗಳಿಂದ 11ನ್ನು ಕಳೆ, ಬಂದ ಎರಡು ಸಂಖ್ಯೆಗಳ ನಡುವಣ ದಿನಗಳೆಲ್ಲ ಗರ್ಭ ನಿಲ್ಲಬಹುದಾದ ದಿನಗಳು. ತಪ್ಪದೆ 28 ದಿನಕ್ಕೆ ಮುಟ್ಟಾಗುವವಳಿಗೆ ಹತ್ತನೆಯ ದಿನದಿಂದ ಹದಿನೇಳನೆಯ ದಿನದವರೆಗೆ, ಅಂದರೆ 8 ದಿನ. ಒಮ್ಮೆ 26, ಒಮ್ಮೆ 33 ದಿನಕ್ಕೆ ಆಗುವವಳಿಗೆ ಎಂಟನೆಯ ದಿನದಿಂದ ಇಪ್ಪತ್ತೆರಡನೆಯ ದಿನದವರೆಗೆ, ಅಂದರೆ 15 ದಿನ. ಮಾಗ್ಗಿ ಬಲ್ಲವರಿಗೆ ಕಷ್ಟವಿಲ್ಲದ ಲೆಕ್ಕ. ಆದರೆ ಅದು ಊಹೆಯ ಲೆಕ್ಕವೆಂಬುದನ್ನು ಮರೆಯಬಾರದು. ತನ್ನ ಹೆಸರಿನಲ್ಲಿ ಪ್ರಸಿದ್ಧವಾದ ಈ ಉಪಾಯವನ್ನು ಗರ್ಭನಿರೋಧಕ್ಕೆ ನಂಬಬಾರದೆಂದು ಒಗಿನೊವೇ ಹೇಳುತ್ತಿದ್ದನು.

ಮೈಸೂರು ಸಂಸ್ಥಾನವು 1930ರ ಜೂನ್ 11ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತನ್ನ ಖರ್ಚಿನಲ್ಲಿ ಇಂತಹ ಕೆಲಸ ಕೈಗೊಂಡುದು ಪ್ರಪಂಚದಲ್ಲಿಯೇ ಅದು ಮೊದಲೆಂದು ಗಣಿಸುತ್ತಾರೆ. ಮದ್ರಾಸಿನ ಸರ್ಕಾರ 1933ರಲ್ಲಿ ಅದೇ ಹಾದಿಗೆ ಒಪ್ಪಿತು. ಆ ಹೊತ್ತಿಗೆ, ಅಂದು ಕೊಯಮತ್ತೂರು ಜಿಲ್ಲೆಯದೇ ಆಗಿದ್ದ ಈರೋಡಿನಿಂದ ಇನ್ನೊಂದು ಧ್ವನಿ ಎದ್ದಿತ್ತು. ಮನೆಮಾತು ಕನ್ನಡವಾಗಿದ್ದ ಕುಟುಂಬದಲ್ಲಿ 1879ರಲ್ಲಿ ಹುಟ್ಟಿದ ಪೆರಿಯಾರ್ ಇ. ವೆ. ರಾಮಸಾಮಿಯವರು 1925ರಲ್ಲಿ ಆರಂಭಿಸಿದ ತಮ್ಮ 'ಕುಡಿ ಅರಸು' ಪತ್ರಿಕೆಯಲ್ಲಿ ಗರ್ಭನಿರೋಧವನ್ನು ಬಹಿರಂಗವಾಗಿ ಎತ್ತಿಹಿಡಿದರು. ಇತರರು ದೇಶದ ಬಡತನವನ್ನು ಹೇಳಿದರು, ತಾಯಿಯ ಆರೋಗ್ಯವನ್ನು ಹೇಳಿದರು. ಪೆರಿಯಾರರು ಹೆಣ್ಣಿನ ಸ್ವಾತಂತ್ರ್ಯವನ್ನು ಹೇಳಿದರು. ಅವರ ಇತರ ಮತಗಳನ್ನು ಒಪ್ಪದವರೂ ಈ ವ್ಯತ್ಯಾಸವನ್ನು ಗುರುತಿಸಬೇಕು. ಮುಂದೆ ಬಂದ ಯೋಜನೆಗಳೆಲ್ಲ ಮೊದಲ ಎರಡು ಕಾರಣಗಳನ್ನೇ ಹಿಡಿದು ನಡೆದವು; ಮೂರನೆಯದು ಪತ್ರಿಕೆಯಲ್ಲೇ ಉಳಿಯಿತು.

ಗಾಂಧೀಜಿಯವರ ನಿಲುವು ಬೇರೆ. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಅವರೊಡನೆ ವಾದಿಸಿದರು. ಕೃತಕ ಸಾಧನಗಳಿಗೆ ಗಾಂಧೀಜಿ ಒಪ್ಪಲಿಲ್ಲ, ಬ್ರಹ್ಮಚರ್ಯವೊಂದೇ ದಾರಿಯೆಂದರು. ಆದರೆ ಕ್ಷೇಮದಿನಗಳ ಉಪಾಯದಲ್ಲಿ ಆತ್ಮಸಂಯಮದ ಅಂಶವಾದರೂ ಇದೆಯೆಂದು, ಅದರ ಕಡೆಗೆ ಮಾತ್ರ ಅಷ್ಟು ಕಠಿಣವಾಗಲಿಲ್ಲ. ಆ ಸಣ್ಣ ಸಡಿಲಿಕೆ ಹದಿನಾರು ವರ್ಷಗಳ ತರುವಾಯ ದೊಡ್ಡ ಪರಿಣಾಮವನ್ನುಂಟುಮಾಡಿತು. ಗಾಂಧೀಜಿಯವರ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ಸೇವೆ ಸಲ್ಲಿಸಿದ ರಾಜಕುಮಾರಿ ಅಮೃತ್ ಕೌರ್ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆಯಾದರು. ಜನಸಂಖ್ಯೆಯ ಪ್ರಶ್ನೆ ಬಂದಾಗ ಅವರು ಒಪ್ಪಿದುದು ಈ ಒಂದು ಉಪಾಯಕ್ಕೆ ಮಾತ್ರ. 1951ರಲ್ಲಿ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ನ್ಯೂಯಾರ್ಕಿನ ವೈದ್ಯ ಏಬ್ರಹಾಂ ಸ್ಟೋನ್ ಎಂಬವರನ್ನು ಭಾರತಕ್ಕೆ ಕಳುಹಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರೋಮಿನ ಪೋಪ್ ಹನ್ನೆರಡನೆಯ ಪಿಯುಸ್ ಅವರು ಸೂಲಗಿತ್ತಿಯರ ಸಭೆಯಲ್ಲಿ ಮಾತನಾಡುತ್ತ, ತಕ್ಕ ಕಾರಣವಿದ್ದಲ್ಲಿ ಈ ಪದ್ಧತಿಯನ್ನು ಅನುಸರಿಸಬಹುದೆಂದು ಹೇಳಿದ್ದರು. ಹೀಗೆ ವಾರ್ಧಾ ರೋಮ್‌ಗಳೆರಡೂ ಒಂದೇ ಬಾಗಿಲನ್ನು ಅರ್ಧ ತೆರೆದಿಟ್ಟವು.

ಸ್ಟೋನರ ಸಲಹೆಯಂತೆ ಪ್ರಯೋಗಕ್ಕೆ ಆರಿಸಿದ ಸ್ಥಳಗಳಲ್ಲಿ ಎರಡು ಮುಖ್ಯವಾದುವು. ಒಂದು ದೆಹಲಿಯ ಲೋಧಿ ಕಾಲೊನಿ, ಸರ್ಕಾರಿ ನೌಕರರ ಬಡಾವಣೆ. ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಬೆಂಗಳೂರು ಮೈಸೂರು ದಾರಿಯಲ್ಲಿ, ಬಂಡೆಗುಡ್ಡಗಳ ನಡುವೆ, ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದ ಊರು. ಅದಕ್ಕೆ ಸ್ವಲ್ಪ ಕಾಲದ ಮೊದಲು ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದರು. ಅದೇ 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವೂ ಈ ಪ್ರದೇಶದಲ್ಲಿಯೇ ನಡೆಯಿತು. ಅದರ ವರದಿ 1961ರಲ್ಲಿ ಹೊರಬಂದಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆಂದು 65 ಲಕ್ಷ ರೂಪಾಯಿ ಇಟ್ಟರು. ಭಾರತೀಯ ಕುಟುಂಬ ಯೋಜನಾ ಸಂಘವನ್ನು 1949ರಲ್ಲಿ ಕಟ್ಟಿ, ಆ ಕಾಲದಲ್ಲಿ ಎಲ್ಲ ಸಾಧನಗಳ ಪರವಾಗಿಯೂ ವಾದಿಸಿದ ಧನವಂತಿ ರಾಮರಾವ್ ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ರಾಮನಗರದಲ್ಲಿ ಕ್ಷೇಮದಿನಗಳ ಲೆಕ್ಕವನ್ನು ಅಕ್ಷರ ಬಾರದ ಸ್ತ್ರೀಯರಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿತು. ಸ್ಟೋನರು ಒಂದು ಮಣಿಸರವನ್ನು ಕಲ್ಪಿಸಿದರು. ಅದರಲ್ಲಿ 28 ಮಣಿಗಳು. ಮುಟ್ಟಿನ ದಿನಗಳಿಗೆ ಕಿತ್ತಳೆ ಬಣ್ಣ, ಕ್ಷೇಮದ ದಿನಗಳಿಗೆ ಹಸಿರು, ಮಗುವಾಗಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗುವುದು, ಕೆಂಪು ಬಂದಾಗ ದೂರವಿರುವುದು, ಹಸಿರಿನಲ್ಲಿ ಭಯವಿಲ್ಲ. ಜಪಸರದ ಪರಿಚಯವಿರುವ ನಾಡಿನಲ್ಲಿ ಇದು ಸುಲಭವಾಗಿ ಹಿಡಿಯುವುದೆಂದು ಅವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪರಿಣಾಮ ನಿರಾಶಾದಾಯಕವಾಯಿತು. ಕಲಿಯಬೇಕೆಂದು ಹೇಳಿದವರು ಬಹುಮಂದಿ. ಕೊನೆಯವರೆಗೆ ನಡೆಸಿಕೊಂಡು ಬಂದವರು ಕೆಲವರೇ. ಈ ಸೋಲಿನ ಬಗೆಗೆ ಹಲವು ಕತೆಗಳನ್ನು ದೇಶವಿದೇಶಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಕತ್ತಲೆಯಲ್ಲಿ ಹಸಿರೂ ಕೆಂಪೂ ಬೇರೆಯಾಗಿ ಕಾಣಲಿಲ್ಲವಂತೆ. ಅದಕ್ಕಾಗಿ ಕೈಗೆ ತಿಳಿಯುವಂತೆ ಮಣಿಗಳ ಆಕಾರವನ್ನೇ ಬೇರೆ ಮಾಡಿದರಂತೆ. ಮಣಿಯನ್ನು ಹಿಂದಕ್ಕೆ ಸರಿಸಿಬಿಡುತ್ತಿದ್ದರಂತೆ. ಅದಕ್ಕೊಂದು ತಡೆಯನ್ನು ಕೂಡಿಸಿದರಂತೆ. ಸರವನ್ನು ಕೊರಳಿಗೆ ಹಾಕಿಕೊಳ್ಳಲು ನಾಚಿದರಂತೆ. ಮಣಿಯನ್ನು ಸರಿಸಿದ ಮಾತ್ರಕ್ಕೆ ಗರ್ಭ ನಿಲ್ಲದೆಂದು ಕೆಲವರು ನಂಬಿದ್ದರಂತೆ. ಈ ಕತೆಗಳನ್ನು ಹೇಳುವಾಗ ಹೇಳುವವರ ತುಟಿಯ ಮೇಲೊಂದು ನಗೆ ಇರುತ್ತದೆ. ಹಳ್ಳಿಯ ಹೆಂಗಸಿನ ಅಜ್ಞಾನವೇ ಸೋಲಿಗೆ ಕಾರಣವೆಂಬ ಅರ್ಥ ಆ ನಗೆಯಲ್ಲಿದೆ.

ನಮಗೆ ಈ ನಗೆ ಒಪ್ಪಿಗೆಯಾಗುವುದಿಲ್ಲ. ಒಂದೊಂದು ಆಕ್ಷೇಪವನ್ನೂ ತಿರುವಿ ನೋಡಿದರೆ ಅದರಲ್ಲಿ ವಿವೇಕವೇ ಕಾಣುತ್ತದೆ. ಅತ್ತೆ, ಮಾವ, ಮೈದುನರು ಒಂದೇ ಸೂರಿನಡಿ ಮಲಗುವ ಮನೆಯಲ್ಲಿ, ಎಣ್ಣೆದೀಪ ಆರಿದ ಮೇಲೆ, ಬಣ್ಣವನ್ನು ನೋಡುವುದು ಹೇಗೆ? ಅದು ಕಣ್ಣಿನ ದೋಷವೂ ಅಲ್ಲ, ಬುದ್ಧಿಯ ದೋಷವೂ ಅಲ್ಲ. ತನ್ನ ಮುಟ್ಟಿನ ಸುದ್ದಿಯನ್ನು ಕೊರಳಲ್ಲಿ ತೂಗಿಹಾಕಿಕೊಂಡು ಬಾವಿಗೆ ಹೋಗೆಂದರೆ ಯಾವಳು ಹೋಗುತ್ತಾಳೆ? ನಗರದ ವಿದ್ಯಾವಂತೆಯೂ ಹೋಗಳು. ಮಣಿಯೇ ಮಂತ್ರವೆಂದು ನಂಬಿದವರ ವಿಷಯದಲ್ಲಿಯೂ ತಪ್ಪು ಕಲಿಸಿದವರದೇ. ಏಕೆ ಎಂಬುದನ್ನು ಹೇಳದೆ ಹೇಗೆ ಎಂಬುದನ್ನಷ್ಟೇ ಹೇಳಿಕೊಟ್ಟರೆ ತರಗತಿಯ ಮಕ್ಕಳೂ ಲೆಕ್ಕವನ್ನು ಮಂತ್ರದಂತೆಯೇ ಒಪ್ಪಿಸುತ್ತಾರೆಂಬುದು ನಮ್ಮ ವೃತ್ತಿಯಲ್ಲಿರುವವರಿಗೆಲ್ಲ ತಿಳಿದ ಸಂಗತಿ.

ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಸರದಲ್ಲಿಯೇ ಇದ್ದಿತು. ಮೇಲೆ ಹೇಳಿದ ಸೂತ್ರವನ್ನೇ ತೆಗೆದುಕೊಳ್ಳಿ. 28 ದಿನದ ಚಕ್ರಕ್ಕೆ ಹತ್ತರಿಂದ ಹದಿನೇಳರವರೆಗೆ ಕೆಂಪು, ಹದಿನೆಂಟರಿಂದ ಹಸಿರು. ಆ ತಿಂಗಳು, ಜ್ವರದಿಂದಲೋ ಉಪವಾಸದಿಂದಲೋ ಚಿಂತೆಯಿಂದಲೋ, ಅವಳ ಚಕ್ರ 33 ದಿನಕ್ಕೆ ಹೋಯಿತೆನ್ನಿ. ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮುಂಚೆ ಎಂದರೆ ಹತ್ತೊಂಬತ್ತನೆಯ ದಿನ ಅಂಡಮೋಕ್ಷ. ಅಂದು ಅವಳ ಕೈಯಲ್ಲಿರುವುದು ಹಸಿರು ಮಣಿ! ಹೇಳಿದಂತೆ ಒಂದು ದಿನವೂ ತಪ್ಪದೆ ಮಣಿ ಸರಿಸಿದವಳೇ ಗರ್ಭಿಣಿಯಾಗುತ್ತಾಳೆ. ಹೀಗಾದ ಮೇಲೆ ನೆರೆಮನೆಯವಳು ಆ ಸರವನ್ನು ಪಕ್ಕಕ್ಕೆ ಎತ್ತಿಟ್ಟರೆ ಅದನ್ನು ಅಜ್ಞಾನವೆನ್ನುವುದು ನ್ಯಾಯವಲ್ಲ. ಗಂಡನಿಗೆ ಕಲಿಸದೆ ಹೆಂಡತಿಯ ಕೈಗೆ ಮಾತ್ರ ಸರವನ್ನು ಕೊಟ್ಟರೆ ಅವಳು ಮಾಡುವುದಾದರೂ ಏನು ಎಂಬ ಪ್ರಶ್ನೆ ಬೇರೆಯೇ ಇದೆ.

1952ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ಬೆಲ್ಜಿಯಂ, ಐರ್ಲೆಂಡ್, ಇಟಲಿ ಮೊದಲಾದ ದೇಶಗಳು ಸಂಸ್ಥೆಯು ಈ ವಿಷಯಕ್ಕೆ ಕೈಹಾಕಬಾರದೆಂದು ಬಲವಾಗಿ ವಿರೋಧಿಸಿದವು. ಸಂಸ್ಥೆ ಹಿಂದೆಗೆಯಿತು. ಭಾರತದಲ್ಲಿಯೂ ಸರ್ಕಾರ ಬೇರೆ ಸಾಧನಗಳ ಕಡೆಗೆ ತಿರುಗಿತು. ಮದ್ರಾಸ್ ರಾಜ್ಯ 1950ರ ದಶಕದ ಉತ್ತರಾರ್ಧದಲ್ಲಿಯೇ ಪುರುಷರ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಏರ್ಪಾಡನ್ನು ಮಾಡಿತು. ಅದರ ಹಿಂದಿದ್ದವರು 1951ರ ಜನಗಣತಿಯನ್ನು ನಡೆಸಿದ ಆರ್. ಎ. ಗೋಪಾಲಸ್ವಾಮಿಯವರು. 1971ರ ಜುಲೈಯಲ್ಲಿ ಎರ್ನಾಕುಲಂನ ಒಂದೇ ಶಿಬಿರದಲ್ಲಿ 62 ಸಾವಿರಕ್ಕೂ ಹೆಚ್ಚು ಪುರುಷರಿಗೆ ಶಸ್ತ್ರಚಿಕಿತ್ಸೆಯಾಯಿತು. 1975–77ರ ತುರ್ತುಪರಿಸ್ಥಿತಿಯ ಕಾಲದಲ್ಲಿ ನಡೆದ ಬಲಾತ್ಕಾರಗಳನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಆ ಮೇಲೆ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡು ಕರ್ನಾಟಕಗಳೆರಡರಲ್ಲಿಯೂ ವಿವಾಹಿತೆಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ. ತಾಯಿಯೊಬ್ಬಳಿಗೆ ಸರಾಸರಿ ಮಕ್ಕಳು ತಮಿಳುನಾಡಿನಲ್ಲಿ 1.8, ಕರ್ನಾಟಕದಲ್ಲಿ 1.7. ಸಂಖ್ಯೆ ಇಳಿಯಿತು ಸರಿ; ಆದರೆ ಎರಡು ಹೆತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇಪ್ಪತ್ತೈದು ವಯಸ್ಸಿನ ತರುಣಿಗೆ ತನ್ನ ಶರೀರದ ತಿಂಗಳ ಗತಿಯ ವಿಷಯವಾಗಿ ಯಾರಾದರೂ ಒಂದು ಮಾತು ಹೇಳಿಕೊಟ್ಟಿದ್ದರೆ ಎಂದು ಕೇಳಿದರೆ, ಉತ್ತರ ಬಹುಶಃ ಇಲ್ಲವೆಂದೇ.

ಇನ್ನು ಎರಡನೆಯ ಅಧ್ಯಾಯ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ನರರೋಗತಜ್ಞ ಜಾನ್ ಬಿಲ್ಲಿಂಗ್ಸ್ 1953ರಿಂದ ಈ ವಿಷಯವನ್ನು ಪರಿಶೀಲಿಸತೊಡಗಿದರು. ಮಕ್ಕಳ ವೈದ್ಯೆಯಾಗಿದ್ದ ಅವರ ಪತ್ನಿ ಎವೆಲಿನ್ ಬಿಲ್ಲಿಂಗ್ಸ್ ಮುಂದೆ ಜೊತೆಗೂಡಿದರು. ಅದಕ್ಕೆ ಮೊದಲೇ, 1930ರ ದಶಕದಲ್ಲಿ, ಜರ್ಮನಿಯ ಪಾದ್ರಿ ವಿಲ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬವನು ಅಂಡಮೋಕ್ಷದ ತರುವಾಯ ಮೈಯ ಶಾಖ ಸ್ವಲ್ಪ ಏರುವುದನ್ನು ಲೆಕ್ಕಕ್ಕೆ ಸೇರಿಸಿದ್ದನು. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಉಷ್ಣಮಾಪಕವನ್ನಿಟ್ಟು ನೋಡಿದರೆ, ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿಕೆ ಕಂಡುಬರುತ್ತದೆ. ಏರಿ ಮೂರು ದಿನ ನಿಂತರೆ ಫಲಕಾಲ ಕಳೆಯಿತೆಂದು ತಿಳಿಯಬಹುದು. ಆದರೆ ಅದು ಕಳೆದುದನ್ನು ಹೇಳುತ್ತದೆಯೇ ಹೊರತು ಬರುವುದನ್ನು ಹೇಳುವುದಿಲ್ಲ. ಬಿಲ್ಲಿಂಗ್ಸ್ ದಂಪತಿಗಳು ಹಿಡಿದದ್ದು ಬರುವುದನ್ನು ಹೇಳುವ ಲಕ್ಷಣವನ್ನು. ಅದೆಂದರೆ ಗರ್ಭಕಂಠದಿಂದ ಬರುವ ಸ್ರಾವ.

ಅದರ ಕ್ರಮ ಹೀಗೆ. ಮುಟ್ಟು ನಿಂತ ಮೇಲೆ ಹಲವರಿಗೆ ಕೆಲವು ದಿನ ಏನೂ ಇರುವುದಿಲ್ಲ. ಮೈ ಒಣಗಿದಂತೆ ತೋರುತ್ತದೆ. ಬಳಿಕ ಸ್ವಲ್ಪ ಅಂಟಾದ, ಮಬ್ಬಾದ ಸ್ರಾವ ಕಾಣುತ್ತದೆ. ದಿನದಿಂದ ದಿನಕ್ಕೆ ಅದು ತಿಳಿಯಾಗಿ, ಜಾರುವಂತಾಗಿ, ಎಳೆದರೆ ಎಳೆ ಬರುವಂತಾಗುತ್ತದೆ. ಪುಸ್ತಕಗಳಲ್ಲಿ ಇದನ್ನು ಹಸಿ ಮೊಟ್ಟೆಯ ಬಿಳಿಗೆ ಹೋಲಿಸುತ್ತಾರೆ. ಮೊಟ್ಟೆಯೊಡೆದು ನೋಡದ ಮನೆಗಳವರಿಗೆ ಕುಯ್ದ ಬೆಂಡೆಯ ಲೋಳೆ ಎಂದರೆ ಬೇಗ ತಿಳಿಯುತ್ತದೆಂದು ನಮ್ಮ ಅಭಿಪ್ರಾಯ. ಈ ಜಾರುವ ಲಕ್ಷಣ ಕಂಡ ಕೊನೆಯ ದಿನವೇ ಶಿಖರದಿನ. ಅದರ ಆಸುಪಾಸಿನಲ್ಲಿ ಅಂಡಮೋಕ್ಷ. ಅಂಡವು ಒಂದು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದರೆ ಆ ಲೋಳೆಯ ಆಶ್ರಯದಲ್ಲಿ ವೀರ್ಯಾಣುಗಳು ಐದು ದಿನದವರೆಗೂ ಬದುಕಬಲ್ಲವು. ಹಾಗಾಗಿ ಸ್ರಾವ ಕಾಣಿಸಿಕೊಂಡ ದಿನದಿಂದ ಶಿಖರ ಕಳೆದು ಮೂರು ದಿನ ಪೂರ್ತಿಯಾಗುವವರೆಗೆ ಗರ್ಭ ನಿಲ್ಲುವ ಸಂಭವವಿದೆ. ನಾಲ್ಕನೆಯ ದಿನದಿಂದ ಮುಂದಿನ ಮುಟ್ಟಿನವರೆಗೆ ಇಲ್ಲ. ಪಟ್ಟಿಯಲ್ಲಿ ಬರೆಯುವುದು ಇಷ್ಟೇ. ರಾತ್ರಿ ಮಲಗುವ ಮುಂಚೆ ಆ ದಿನ ಕಂಡುದಕ್ಕೆ ಒಂದು ಗುರುತು: ಮುಟ್ಟಿಗೆ ಕೆಂಪು, ಒಣಗಿದ ದಿನಕ್ಕೆ ಹಸಿರು, ಸ್ರಾವದ ದಿನಕ್ಕೆ ಬಿಳಿ. ಗೋಡೆಯ ಮೇಲೆ ಇದ್ದಿಲಿನ ಗೀಟೆಳೆದು ಹಾಲಿನ ಲೆಕ್ಕವನ್ನು ತಪ್ಪಿಲ್ಲದೆ ಇಟ್ಟ ಕೈಗಳಿಗೆ ಇದು ಭಾರವಲ್ಲ.

ಇಲ್ಲಿಯೇ ರಾಮನಗರದ ಸರಕ್ಕೂ ಈ ಪಟ್ಟಿಗೂ ಇರುವ ಭೇದ. ಸರವು ಅವಳಿಗೆ ಇಂದು ಯಾವ ದಿನವೆಂದು ಹೇಳುತ್ತಿತ್ತು. ಪಟ್ಟಿಯಲ್ಲಿ ಇಂದು ಯಾವ ದಿನವೆಂದು ಅವಳು ಹೇಳುತ್ತಾಳೆ. ಚಕ್ರವು 26ಕ್ಕೆ ಬರಲಿ 33ಕ್ಕೆ ಬರಲಿ, ಲಕ್ಷಣವು ಅದರೊಡನೆಯೇ ಹಿಂದುಮುಂದಾಗುತ್ತದೆ. ಪಂಚಾಂಗದ ಮಳೆನಕ್ಷತ್ರವನ್ನು ನೋಡಿ ಬಿತ್ತುವುದು ಒಂದು. ಮಣ್ಣನ್ನು ಕೈಯಲ್ಲಿ ಹಿಸುಕಿ ಹದ ಬಂದಿದೆಯೇ ಎಂದು ನೋಡುವುದು ಇನ್ನೊಂದು. ಹದ ಎಂಬ ಮಾತು ನಮ್ಮಲ್ಲಿ ಎಷ್ಟು ಚೆನ್ನಾಗಿದೆ! ಹೆಣ್ಣನ್ನು ಕ್ಷೇತ್ರವೆಂದು, ಗಂಡನ್ನು ಬೀಜವೆಂದು ಹೇಳಿದ ಮನುವಿನ ಉಪಮೆಯನ್ನು ನಾವು ಎತ್ತಿಕೊಳ್ಳುವುದಿಲ್ಲ. ಇಲ್ಲಿ ಹೆಣ್ಣು ಹೊಲವಲ್ಲ, ಹದ ನೋಡುವ ಒಕ್ಕಲಗಿತ್ತಿ.

ಅಕ್ಷರ ಬಾರದವಳು ಇದನ್ನು ಕಲಿಯಬಲ್ಲಳೇ? ಈ ಪ್ರಶ್ನೆಯನ್ನು ಎದುರಿಸಿದ ಪ್ರಯೋಗವೇ ಎರಡನೆಯ ಅಧ್ಯಾಯದ ತಿರುಳು. ಇಪ್ಪತ್ತೈದು ವರ್ಷಗಳ ಹಿಂದೆ ಹಿಂದೆಗೆದಿದ್ದ ವಿಶ್ವ ಆರೋಗ್ಯ ಸಂಸ್ಥೆಯೇ 1970ರ ದಶಕದ ಉತ್ತರಾರ್ಧದಲ್ಲಿ ಐದು ಪಟ್ಟಣಗಳಲ್ಲಿ ಇದನ್ನು ಪರೀಕ್ಷೆ ಮಾಡಿಸಿತು: ನ್ಯೂಜಿಲೆಂಡಿನ ಆಕ್ಲೆಂಡ್, ಐರ್ಲೆಂಡಿನ ಡಬ್ಲಿನ್, ಫಿಲಿಪ್ಪೀನ್ಸಿನ ಮನಿಲಾ, ಎಲ್ ಸಾಲ್ವಡಾರಿನ ಸಾನ್ ಮಿಗೆಲ್, ಮತ್ತು ನಮ್ಮ ಬೆಂಗಳೂರು. ರಾಮನಗರದಿಂದ ಬೆಂಗಳೂರಿಗೆ ಮೂವತ್ತು ಮೈಲಿ. ಸೇರಿದವರು 869 ಮಂದಿ ಸ್ತ್ರೀಯರು, ಎಲ್ಲರೂ ಮಕ್ಕಳ ತಾಯಂದಿರು. ಅವರಲ್ಲಿ ಅಕ್ಷರಸ್ಥರೂ ಇದ್ದರು, ನಿರಕ್ಷರರೂ ಇದ್ದರು. 1981ರಲ್ಲಿ ಪ್ರಕಟವಾದ ವರದಿಯಂತೆ, ಕಲಿಸಿದ ಮೊದಲ ತಿಂಗಳಿನಲ್ಲಿಯೇ ನೂರಕ್ಕೆ 93 ಮಂದಿ ತಮ್ಮ ಲಕ್ಷಣವನ್ನು ಗುರುತಿಸಿ ಅರ್ಥವಾಗುವ ಪಟ್ಟಿಯನ್ನು ಕೊಟ್ಟರು. ಹಳ್ಳಿಯ ಹೆಂಗಸಿನ ಬುದ್ಧಿಯ ವಿಷಯದಲ್ಲಿ ಮಣಿಸರದ ಕತೆಗಳು ಹೊರಿಸಿದ ಅಪವಾದ ಅಲ್ಲಿಗೆ ತೀರಬೇಕಾಗಿತ್ತು.

ಆದರೆ ವರದಿಯ ಇನ್ನರ್ಧವನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಕಲಿತು ಮುಂದುವರಿದ 725 ಮಂದಿಯಲ್ಲಿ, ವರ್ಷಕ್ಕೆ ನೂರು ಸ್ತ್ರೀಯರ ಲೆಕ್ಕದಲ್ಲಿ, ಸುಮಾರು 22 ಗರ್ಭಗಳು ನಿಂತವು. ನಿಯಮವನ್ನು ಸರಿಯಾಗಿ ಪಾಲಿಸಿಯೂ ನಿಂತವು ಮೂರರಷ್ಟು ಮಾತ್ರ. ಉಳಿದುವೆಲ್ಲ ಬಹುಮಟ್ಟಿಗೆ, ಇಂದು ಫಲದ ದಿನವೆಂದು ತಿಳಿದಿದ್ದೂ ನಡೆದುಹೋದುವು. ತಿಳಿವಳಿಕೆಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಬೇರೆ ಕಡೆ. ತನಗೆ ತಿಳಿದುದನ್ನು ಗಂಡನಿಗೆ ಹೇಳಿ ಒಪ್ಪಿಸುವ ಅಧಿಕಾರ ಎಷ್ಟು ಮಂದಿ ಹೆಂಗಸರಿಗಿದೆ? ಪಟ್ಟಿಯು ದಿನವನ್ನು ತೋರಿಸಬಲ್ಲದು, ಬಾಗಿಲಿಗೆ ಅಗಣಿ ಹಾಕಲಾರದು. ಪೆರಿಯಾರರು ಎತ್ತಿದ ಮೂರನೆಯ ಕಾರಣ ಇಲ್ಲಿ ಮತ್ತೆ ಎದುರು ಬಂದು ನಿಲ್ಲುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕರ್ನಾಟಕ, ಪುದುಚೇರಿಗಳೂ ಸೇರಿದಂತೆ ಐದು ಪ್ರಾಂತಗಳಲ್ಲಿ 2,059 ಸ್ತ್ರೀಯರೊಡನೆ ಇದೇ ಪದ್ಧತಿಯನ್ನು ಪರೀಕ್ಷಿಸಿ 1996ರಲ್ಲಿ ವರದಿಯನ್ನು ಪ್ರಕಟಿಸಿದರು. ಕಲಕತ್ತೆಯಲ್ಲಿ ಮದರ್ ತೆರೇಸಾ ಅವರ ಸೋದರಿಯರು ಬಡವರಿಗೆ ಇದನ್ನು ಕಲಿಸಿದರು. 1979ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುತ್ತ ಆ ತಾಯಿ, ಆರು ವರ್ಷಗಳಲ್ಲಿ 61,273 ಮಕ್ಕಳು ಕಡಮೆ ಹುಟ್ಟಿದರೆಂದು ಹೇಳಿದರು. ಹುಟ್ಟದ ಮಕ್ಕಳನ್ನು ಬಿಡಿಯಂಕದವರೆಗೆ ಎಣಿಸಿದುದು ಹೇಗೋ ನಮಗೆ ಅರ್ಥವಾಗದು. ಅವರ ಸೇವೆಯ ಮೇಲಿನ ಗೌರವಕ್ಕೆ ಇದರಿಂದ ಬಾಧೆಯಿಲ್ಲ.

ಮಣಿಸರವೂ ಮರಳಿ ಬಂದಿದೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರು 32 ಮಣಿಗಳ ಸರವೊಂದನ್ನು ಸಿದ್ಧಪಡಿಸಿದರು. ಉತ್ತರ ಭಾರತದಲ್ಲಿ ಅದನ್ನು ಮಾಲಾಚಕ್ರವೆಂಬ ಹೆಸರಿನಿಂದ ಹಂಚಿದರು. ಎಂಟನೆಯ ದಿನದಿಂದ ಹತ್ತೊಂಬತ್ತನೆಯ ದಿನದವರೆಗಿನ ಮಣಿಗಳು ಬಿಳಿ. ಅವು ಕತ್ತಲೆಯಲ್ಲಿ ಹೊಳೆಯುತ್ತವೆ! ಚಕ್ರವು 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಅದು ತಕ್ಕದ್ದೆಂದು ಮೊದಲೇ ಹೇಳಿಕೊಡುತ್ತಾರೆ. ರಾಮನಗರದ ಹೆಂಗಸರು ಆಡಿದ ಆಕ್ಷೇಪಗಳಲ್ಲಿ ಒಂದಕ್ಕಾದರೂ ಐವತ್ತು ವರ್ಷಗಳ ತರುವಾಯ ಉತ್ತರ ದೊರೆಯಿತು.

ನಮ್ಮ ಜಿಲ್ಲೆಗಳಲ್ಲಿ ಇದನ್ನು ಕಲಿಯುವವರಿಗೂ ಕಲಿಸುವವರಿಗೂ ಎರಡು ತೊಡಕುಗಳು ಎದುರಾಗುತ್ತವೆ. ಒಂದು ಮಾತಿನದು. ಮುಟ್ಟಿಗೆ ನಮ್ಮಲ್ಲಿ ಮಾತುಗಳು ಎಷ್ಟೋ ಇವೆ: ಹೊರಗಾಗುವುದು, ದೂರ ಕೂರುವುದು, ಸ್ನಾನಕ್ಕೆ ಬರುವುದು. ತಿಂಗಳ ನಡುವಣ ಈ ಸ್ರಾವಕ್ಕೆ ಇರುವುದು ಬಿಳಿ ಹೋಗುವುದು ಎಂಬ ಮಾತೊಂದೇ, ತಮಿಳಿನಲ್ಲಿ ವೆಳ್ಳೈಪಡುದಲ್. ಎರಡೂ ರೋಗದ ಹೆಸರುಗಳು. ಉಷ್ಣವೆಂದು, ಮೈಯ ಸತ್ತ್ವ ಇಳಿದುಹೋಗುತ್ತಿದೆಯೆಂದು ಹೆದರಿ, ಮೆಂತ್ಯ ನೆನೆಸಿ ಕುಡಿಯುವವರಿದ್ದಾರೆ. ಆರೋಗ್ಯದ ಲಕ್ಷಣವನ್ನೇ ರೋಗವೆಂದು ಎಣಿಸುವವಳಿಗೆ ಪಟ್ಟಿಯನ್ನು ಕೊಟ್ಟರೆ ಅವಳು ಅದರಲ್ಲಿ ಭಯವನ್ನೇ ಬರೆದಾಳು. ದುರ್ವಾಸನೆ, ತುರಿಕೆ, ಉರಿ, ಹಳದಿ ಹಸಿರು ಬಣ್ಣ ಇದ್ದರೆ ಅದು ಸೋಂಕು, ವೈದ್ಯರಿಗೆ ತೋರಿಸಬೇಕು. ತಿಳಿಯಾಗಿ, ಜಾರುವಂತೆ, ಬಂದು ಹೋಗುವುದಾದರೆ ಅದು ಹದ. ಈ ಭೇದವನ್ನು ಮೊದಲು ಹೇಳಿಕೊಟ್ಟು ಆ ಮೇಲೆ ಪಟ್ಟಿಯನ್ನು ಕೈಗೆ ಕೊಡಬೇಕು. ಹಾಲೂಡುವ ತಾಯಿಗೂ, ಮುಟ್ಟು ನಿಲ್ಲುವ ವಯಸ್ಸಿನವಳಿಗೂ ಲಕ್ಷಣಗಳು ಕಲಸಿಹೋಗುವುದರಿಂದ, ಬಲ್ಲವರ ನೆರವಿಲ್ಲದೆ ಈ ಪಟ್ಟಿಯೊಂದನ್ನೇ ನಂಬತಕ್ಕದ್ದಲ್ಲ. ಮತ್ತೊಂದು ಗರ್ಭ ನಿಂತರೆ ತಾಯಿಯ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳಿದ್ದಲ್ಲಿ ಇದಕ್ಕಿಂತ ಬಲವಾದ ಸಾಧನವೇ ಬೇಕು. ಸಂಗದಿಂದ ಹರಡುವ ರೋಗಗಳನ್ನೂ ಇದು ತಡೆಯುವುದಿಲ್ಲ.

ಎರಡನೆಯದು ಕೆಲಸದ ಹೊತ್ತಿನದು. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿಯೂ ಕೊಯಮತ್ತೂರಿನ ನೂಲಿನ ಗಿರಣಿಗಳಲ್ಲಿಯೂ ದುಡಿಯುವ ಹೆಂಗಸರಲ್ಲಿ ಪಾಳಿಯ ಮೇಲೆ ಹೋಗುವವರಿದ್ದಾರೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ ಎಂದಾದಾಗ ದಿನವೂ ಒಂದೇ ಹೊತ್ತಿಗೆ ಎದ್ದು ಉಷ್ಣಮಾಪಕವನ್ನಿಡುವುದು ನಡೆಯದ ಮಾತು. ನಿದ್ರೆ ಕೆಟ್ಟರೆ ಆ ಅಂಕಿಗೆ ಅರ್ಥವೇ ಇಲ್ಲ. ಅವರಿಗೆ ಸ್ರಾವದ ಲಕ್ಷಣವೊಂದೇ ಒದಗುತ್ತದೆ. ಅದನ್ನು ನೋಡಿಕೊಳ್ಳುವುದಕ್ಕೂ ಬಾಗಿಲು ಭದ್ರವಾಗಿ ಹಾಕಿಕೊಳ್ಳುವಂಥ ಒಂದು ಕಕ್ಕಸು, ಎದ್ದು ಹೋಗಿ ಬರಲು ಮೇಸ್ತ್ರಿ ಕೊಡುವ ಐದು ನಿಮಿಷ, ಇಷ್ಟು ಬೇಕು. ಪಟ್ಟಿ ಕಲಿಯಲು ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ. ಆ ಮೂರು ತಿಂಗಳೂ ಕಲಿಸುವವಳು ಒಂದೆರಡು ವಾರಕ್ಕೊಮ್ಮೆ ಬಂದು ಪಟ್ಟಿಯನ್ನು ನೋಡಿ ಹೋಗಬೇಕಾಗುತ್ತದೆ.